ಆರನೇ ಕ್ಲಾಸಿನಾಗ ಒಬ್ಬಾಕಿ

ಯಮನಮ್ಮನ ಬಗ್ಗೆ ನಮ್ಮೂರಾಗ ಎರಡು ಮಾತು ಅದಾವ. ಆಕಿ ಇಲ್ಲದಿದ್ರ ಕೇರಿ ಮಂದಿ ಉಪಾಸ ಸಾಯ್ತಿದ್ರು ಅಂತ ಒಂದು. ಊರ ಸಾಲಿ ಹಾಳಾಗಿದ್ದು ಆಕಿ ಕೈಲೇ ಅಂತ ಇನ್ನೊಂದು. ಎರಡೂ ಖರೇನ. ಎರಡನ್ನೂ ನಾ ಕಣ್ಣಾರೆ ಕಂಡೀನಿ, ಯಾಕಂದ್ರ ಕಾಲುವಿ ಸೇತುವಿ ಬಾಜೂಕ ಇರೋ ನನ್ನ ಚಾದ ಗುಡಿಸಲಿಗೆ ಎದುರಿಗೇ ಆ ಸರಕಾರಿ ಸಾಲಿ.

ನಾ ಹುಸೇನಮ್ಮ. ಹೆಸರು ಕೇಳಿ ಗಾಬರಿ ಆಗಬ್ಯಾಡ್ರಿ, ಮೊಹರಂ ಅಲಾಯಿ ಹಬ್ಬದಾಗ ಹುಟ್ಟಿದ್ದಕ್ಕ ನಮ್ಮವ್ವ ಪೀರಲ ದೇವರ ಹೆಸರು ಇಟ್ಟಾಳ, ಮನಿತನ ಕಬ್ಬೇರದು. ಊರು ಹಂಚಿನದಿನ್ನಿ. ಜವಳಗೇರಾ ದಾಟಿ ಕಾಲುವಿ ಗುಂಟ ಬಂದ್ರ ಸಿಗತೈತಿ. ನಡುವ ಬಾಯಿ ಹಾಕದ ಕೇಳೋದಾದ್ರ ಹೇಳ್ತೀನಿ, ಇಲ್ಲಂದ್ರ ಚಾ ಕುಡದು ಎದ್ದು ಹೋಗ್ರಿ, ನನಗೂ ಬಜಿ ಹಿಟ್ಟು ಕಲಸೋದು ಐತಿ.

ಇಸವಿ ಎಂಬತ್ತೆರಡೋ ಎಂಬತ್ಮೂರೋ ಇರಬೇಕು, ಯಮನಮ್ಮ ಮಸ್ಕಿ ಕಡೀಂದ ಸೊಸಿಯಾಗಿ ನಮ್ಮೂರ ಕೇರಿಗೆ ಬಂದ್ಲು. ಕಡ್ಡಿಯಂಥಾ ಹುಡುಗಿ, ಬಾಯಿ ಮಾತ್ರ ಜೋರು. ಗಂಡ ಪಕೀರಪ್ಪಗ ಕಾಲುವಿ ತಗ್ಗಿನಾಗ ಎರಡು ಎಕರೆ ಎರಿ ಭೂಮಿ ಇತ್ತು. ನಾವು ಜ್ವಾಳ ಬಿತ್ತೋ ಮಂದಿ. ಕಾಲುವ್ಯಾಗ ನೀರು ಬಂತು, ನೆಲ್ಲು ಬೆಳೀರಿ ಅಂದ್ರು, ನಮಗ ಏನು ತಿಳೀತೈತಿ? ಆಂಧ್ರದಿಂದ ಬಂದೋರಿಗೆ ತಿಳೀತಿತ್ತು. ಅವರು ಮೊದಲು ಹೊಲ ಗುತ್ತಿಗಿ ಲಾವಣಿ ಹಿಡಿದ್ರು, ಆಮ್ಯಾಲ ಖರೀದಿ ಮಾಡಿದ್ರು, ಹೊಲದ ನಡುವ ಮನಿ ಕಟ್ಟಿ ಅದಕ್ಕ ವೀರ್ರಾಜು ಕ್ಯಾಂಪು ಅಂತ ಹೆಸರಿಟ್ರು. ಪಕೀರಪ್ಪ ಹೊಲ ಮಾರಿ ಹಟ್ಟಿ ಬಂಗಾರದ ಗಣಿಗೆ ಕೆಲಸಕ್ಕ ಹೋದ. ಮೊದಮೊದಲು ಉಗಾದಿಗೆ, ದಸರಾಕ್ಕ ಬರ್ತಿದ್ದ. ಆಮ್ಯಾಲ ಅದೂ ನಿಂತ್ತು. ಅಲ್ಲೇ ಇನ್ನೊಂದು ಮನಿ ಮಾಡ್ಯಾನ ಅಂತ ಸುದ್ದಿ ಬಂತು. ಯಮನಮ್ಮನ ಮಡಿಲಾಗ ಆಗ ಆದಮ್ಮ ಅನ್ನೋ ಹೆಣ್ಣುಕೂಸು.

ಅತ್ತು ಕುಂತ್ಲೇನು ಅಂದ್ರ ಇಲ್ಲ. ತಾನು ಕಳಕೊಂಡ ಹೊಲದಾಗೇ ನೆಲ್ಲು ಹಚ್ಚಾಕ ಹೋದ್ಲು. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಎರಡು ವರ್ಷದಾಗ ಬರೋಬರಿ ಕಲ್ತು ಕೇರಿ ಹೆಣ್ಮಕ್ಕಳನ್ನ ಕೂಡಿಸಿ ತನ್ನದೇ ಒಂದು ನಾಟಿ ಗುಂಪು ಕಟ್ಟಿದ್ಲು. ಕ್ಯಾಂಪಿನೋರು ಎಕರೆ ಲೆಕ್ಕದಾಗ ಗುತ್ತಿಗಿ ಕೊಡ್ತಿದ್ರು. ಯಮನಮ್ಮ ಮುಂದ ನಿಂತ್ರ ಹಿಂದಿನೋರು ಬೆನ್ನು ಎತ್ತಂಗಿಲ್ಲ. ಜೋಡಿಲೇ ಹಾಡು, ಜೋಡಿಲೇ ಬೈಗಳ. ಕೇರ್ಯಾಗ ಒಲಿ ಹತ್ತಿದ್ದು ಆಕಿ ದಯಾದಿಂದ, ಅದನ್ನ ಯಾರೂ ಅಲ್ಲಗಳಿಯಂಗಿಲ್ಲ.

ಈಗ ಸಾಲಿ ಮಾತಿಗೆ ಬರ್ತೀನಿ. ಆಗ ಸಾಲಿ ಅಂದ್ರ ಸಾಲಿ, ಒಂದರಿಂದ ಏಳರತನ ತುಂಬಿ ತುಳಕತಿತ್ತು. ಆದೆಪ್ಪಗೌಡರ ಮನಿ ಹುಡುಗ್ರು ಮುಂದ, ಕುರಿ ಕಾಯೋರ ಹುಡುಗ್ರು ಅವರ ಹಿಂದ, ಕೇರಿ ಹುಡುಗ್ರು ಬಾಗಿಲ ಹೊರಗ ಕಟ್ಟಿ ಮ್ಯಾಲೆ. ಹಂಗ ಕುಂದರ್ರಿ ಅಂತ ಯಾರೂ ಹೇಳಿರಲಿಲ್ಲ, ಹೇಳೋದು ಬೇಕಾಗಿರಲಿಲ್ಲ. ಮಾಸ್ತರು ಲಿಂಗಸುಗೂರಿನ ಮೈಲಾರಲಿಂಗಪ್ಪ. ಬಡಿತಿದ್ರು, ಆದ್ರ ಕಲಿಸ್ತಿದ್ರು. ಆಮ್ಯಾಲ ಕ್ಯಾಂಪಿನ ಹುಡುಗ್ರು ಬಂದು ಸೇರಿದ್ರು. ತಲಿಗೆ ಎಣ್ಣಿ, ಕಾಲಾಗ ಚಪ್ಪಲಿ, ಬಾಯಾಗ ತೆಲುಗು. ಮಾಸ್ತರು ತೆಲುಗು ಕಲ್ತು ಅವರಿಗೆ ಕನ್ನಡ ಕಲಿಸಿದ್ರು. ನಮ್ಮ ಹುಡುಗ್ರೂ ತೆಲುಗು ಕಲ್ತವು, ಮೊದಲು ಕಲ್ತಿದ್ದು ಬೈಗಳ. ಕ್ಯಾಂಪಿನೋರು ಸಾಲಿಗೆ ತಗಡು ಹಾಕಿಸಿದ್ರು, ಬೆಂಚು ಕೊಟ್ರು. ನಾಕೈದು ವರ್ಷ ಎಲ್ಲಾ ಜಾತಿ, ಎರಡು ಭಾಷಾ, ಒಂದೇ ಗಂಟಿಗೆ ಹೊರಗ ಓಡಿ ಬರ್ತಿದ್ವು. ನನ್ನ ಬಜಿ ವ್ಯಾಪಾರ ಅಷ್ಟು ಚಲೊ ನಡೆದದ್ದು ಆಗಷ್ಟೇ.

ತೊಂಬತ್ತು ದಾಟಿತ್ತು. ಒಂದು ದಿನ ಮುಂಜಾನೆ ಸಿಂಧನೂರಿಂದ ಹಳದಿ ಬಣ್ಣದ ಮೆಟಡೋರ್ ಬಂದು ಸೇತುವಿ ಮ್ಯಾಲೆ ನಿಂತ್ತು. ಕಾನ್ವೆಂಟಿನ ಗಾಡಿ. ಕ್ಯಾಂಪಿನ ಹುಡುಗ್ರು ಟೈ ಕಟಗೊಂಡು ಅದನ್ನ ಹತ್ತಿದ್ವು. ಮುಂದಿನ ವರ್ಷ ಗೌಡರ ಮೊಮ್ಮಕ್ಕಳು ಹತ್ತಿದ್ರು. ಗೌಡ್ರು ನನ್ನ ಗುಡಿಸಲಾಗ ಕುಂತು ಚಾ ಬಸಿಯಾಗ ಸುರುವಿಕೋತ, "ಏನ ಮಾಡೋದಬೇ ಹುಸೇನಿ, ಕ್ಯಾಂಪಿನೋರು ಹೋದ ಮ್ಯಾಲೆ ಸಾಲ್ಯಾಗ ಉಳಿಯೋರು ಯಾರು? ನಮ್ಮ ಹುಡುಗ್ರು ಕೇರಿ ಹುಡುಗ್ರ ಮಗ್ಗುಲಾಗ ಕುಂದರ್ಬೇಕಾಗ್ತೈತಿ" ಅಂದ್ರು. ಮುಚ್ಚುಮರಿ ಇಲ್ಲ, ಹಂಗೇ ಅಂದ್ರು. ಹೊಲ ಮಾರಿ ರೊಕ್ಕ ಕಂಡಿದ್ದ ಕುರುಬರೂ ಅವರ ಹಿಂದ ಹೊಂಟ್ರು. ನೋಡ್ತಾ ನೋಡ್ತಾ ಸಾಲ್ಯಾಗ ಕೇರಿ ಹುಡುಗ್ರು ಬಿಟ್ರ ಯಾರೂ ಉಳೀಲಿಲ್ಲ.

ಆಗ ನೋಡ್ರಿ, ಹೊರಗ ಕಟ್ಟಿ ಮ್ಯಾಲೆ ಕುಂದರ್ತಿದ್ದ ಹುಡುಗ್ರು ಒಳಗ ಬಂದ್ರು. ಯಮನಮ್ಮನ ಮಗಳು ಆದಮ್ಮ ಮೊದಲನೇ ಬೆಂಚಿನ್ಯಾಗ ಕುಂತ್ಲು. ಅವ್ವ ಕೆಲಸಕ್ಕ ಹೋಗೋಕಿಂತ ಮುಂಚೆ ಕಿಡಕ್ಯಾಗ ಹಣಿಕಿ ಹಾಕಿ ನೋಡ್ತಿದ್ಲು. ನನ್ನ ಕಡೆ ತಿರುಗಿ ಹೇಳ್ತಿದ್ಲು, "ಅಕ್ಕಾ, ದೇವರು ಕಣ್ಣು ಬಿಟ್ಟ. ಏಳನೇದು ಪಾಸಾದ್ರ ಅಂಗನವಾಡಿ ಟೀಚರ್ ಆಗ್ತಾಳಂತ, ಮಾಸ್ತರೇ ಹೇಳ್ಯಾರ. ನನ್ನ ಮಗಳು ಕೆಸರಾಗ ಕಾಲಿಡಬಾರದು, ಅದೊಂದಕ್ಕ ನಾ ಬದುಕೀನಿ." ದಿನಾ ಅದೇ ಮಾತು. ಕೇಳಿ ಕೇಳಿ ನನಗ ಸಾಕಾಗಿತ್ತು, ಆದ್ರ ಆ ಮುಖದ ಖುಷಿ ನೋಡಿದ್ರ ಬೈಯಾಕ ಮನಸ್ಸು ಬರ್ತಿರಲಿಲ್ಲ.

ಆದಮ್ಮನ ಜೋಡಿ ಕಲಿಯೋ ಹುಡುಗೀರು ಇದ್ರಲ್ಲ, ಗದ್ದೆಮ್ಮ, ಗ್ಯಾನಮ್ಮ, ಮಾರೆಮ್ಮನ ಮಗಳು ಪೀರಮ್ಮ, ಇನ್ನೂ ಏಳೆಂಟು ಮಂದಿ, ಅವರು ಒಬ್ಬೊಬ್ಬರೇ ಯಮನಮ್ಮನ ಗುಂಪಿಗೆ ಬರಾಕ ಹತ್ತಿದ್ರು. ಸಣ್ಣ ಹುಡುಗೀರ ಕೈ ಸಸಿ ಕೀಳಾಕ ಚಲೊ. ಬೇರು ಹರಿಯಂಗಿಲ್ಲ. ಕಿತ್ತು, ಕಟ್ಟು ಕಟ್ಟಿ, ಹೊತ್ತು ತಂದು ಹಚ್ಚೋರ ಹಿಂದ ಒಗೀಬೇಕು. ಹುಡುಗಿಗೆ ಅರ್ಧ ಆಳಿನ ಕೂಲಿ. ತಾಯಂದಿರೇ ಬಂದು, "ಯಮನಕ್ಕಾ, ನಮ್ಮ ಹುಡುಗಿನ್ನೂ ಕರ್ಕೋ" ಅಂತಿದ್ರು. ಈಕಿ ಒಲ್ಲೆ ಅನ್ನಲಿಲ್ಲ. ಹಸಿದ ಮನಿಗೆ ಉಪಕಾರ ಮಾಡಾಕತ್ತೀನಿ ಅನ್ಕೊಂಡ್ಲು. ಮಧ್ಯಾಹ್ನ ತನ್ನ ಬುತ್ತಿ ರೊಟ್ಟಿ ಮುರದು ಆ ಹುಡುಗೀರಿಗೆ ಕೊಡ್ತಿದ್ಲು, ಅದನ್ನೂ ನಾ ನೋಡೀನಿ. ಮಳಿಗಾಲದ ನಾಟಿಗೆ ಒಂದು ತಿಂಗಳು, ಬ್ಯಾಸಿಗಿ ಬೆಳಿ ನಾಟಿಗೆ ಇನ್ನೊಂದು ತಿಂಗಳು. ಒಂದು ತಿಂಗಳು ಸಾಲಿ ಬಿಟ್ಟ ಹುಡುಗಿ ಹೊಳ್ಳಿ ಹೋಗಾಕ ನಾಚತಾಳ. ಮಾಸ್ತರು ಕೇಳಿದ್ದಕ್ಕ ಉತ್ತರ ಬರಂಗಿಲ್ಲ, ಮುಂದ ಹೋಗೋದ ಬಿಡ್ತಾಳ.

ತನ್ನ ಮಗಳನ್ನ ಮಾತ್ರ ಈಕಿ ಒಂದು ದಿನಾನೂ ಹೊಲಕ್ಕ ಒಯ್ಯಲಿಲ್ಲ. ಒಮ್ಮೆ ನಾನೇ ಛೇಡಿಸಿದ್ದೆ, "ಊರ ಹುಡುಗೀರೆಲ್ಲ ಕೆಸರಾಗ, ನಿನ್ನ ಮಗಳು ಮಾತ್ರ ಕುರ್ಚಿ ಮ್ಯಾಲೆ ಏನಬೇ?" ಅಂತ. ನಕ್ಕಳು. "ನಾ ಏನು ಅವರನ್ನ ಕಟ್ಟಿ ಎಳಕೊಂಡು ಹೋಗ್ತೀನೇನಕ್ಕಾ?" ಅಂದ್ಲು. ಅದೂ ಖರೇನ, ಕಟ್ಟಿ ಎಳೀತಿರಲಿಲ್ಲ.

ಆದಮ್ಮ ಆರನೇ ಕ್ಲಾಸಿಗೆ ಬಂದ ವರ್ಷ ಶ್ರಾವಣದಾಗ ಮಾಸ್ತರು ನನ್ನ ಗುಡಿಸಲಿಗೆ ಯಮನಮ್ಮನ್ನ ಕರೆಸಿದ್ರು. "ಗುರುವಾರ ತಪಾಸಣಿಗೆ ಸಾಹೇಬ್ರು ಬರ್ತಾರ. ಹುಡುಗ್ರಿಲ್ಲದ ಕ್ಲಾಸು ಮುಚ್ಚಾಕತ್ಯಾರ. ಹೆಸರು ಹಚ್ಚಿದ್ರ ಸಾಲಂಗಿಲ್ಲ, ಹುಡುಗ್ರು ಕಣ್ಣಿಗೆ ಕಾಣಬೇಕು. ಅವತ್ತೊಂದು ದಿನ ಹುಡುಗೀರನ್ನ ಬಿಡವಾ. ಮುಂದಿಂದು ನಾ ನೋಡ್ಕೋತೀನಿ" ಅಂದ್ರು.

"ಬಿಡ್ತೀನ್ರಿ ಸರ. ಅದೇನು ದೊಡ್ಡ ಮಾತು" ಅಂದ್ಲು ಯಮನಮ್ಮ.

"ಮರೀಬ್ಯಾಡ ಮತ್ತ."

"ನನ್ನ ಮಗಳ ಸಾಲಿ ಐತಿ, ಮರೀತೀನೇನ್ರಿ?"

ಆದ್ರ ತಾನೊಂದು ಬಗೆದ್ರ ದೈವ ಒಂದು ಬಗೀತೈತಿ. ಕಾಲುವಿ ಆ ಸಲ ಎಲ್ಲೋ ಒಡದು ನೀರು ನಿಂತಿತ್ತು. ಮಡ್ಯಾಗ ಸಸಿ ಬಲಿಯಾಕತ್ತಿತ್ತು. ಬುಧವಾರ ಸಂಜಿಗೆ ನೀರು ಬಂತು. ನೀರಿನ ಹಿಂದೇ ಕ್ಯಾಂಪಿನ ದಣಿ ವೀರ್ರಾಜು ಮೋಟರ್‌ಸೈಕಲ್ ಮ್ಯಾಲೆ ಬಂದ. "ಏಮ್ಮಾ ಯಮನಮ್ಮಾ, ನಾಳೆ ಒಂದಿನ ನೀರು ನಮ್ಮ ಪಾಳಿ. ನಾಡಿದ್ದು ತೂಬು ಮುಚ್ತಾರ. ನಾಳೇ ಮುಗೀಬೇಕು" ಅಂದ.

"ನಾಳೆ ಬ್ಯಾಡ್ರಿ ದಣಿ, ಹುಡುಗೀರನ್ನ ಸಾಲಿಗೆ ಕಳಸ್ತೀನಿ ಅಂತ ಮಾತು ಕೊಟ್ಟೀನಿ."

"ನನಗೂ ಮಾತು ಕೊಟ್ಟೀ ಕದಮ್ಮಾ. ಎಲಿ ಹಿಡಿದೀ" ಅಂದ ಆತ. ಜೋರು ಮಾಡಲಿಲ್ಲ, ಆತಗೂ ಸಸಿ ಹಾಳಾಗೋ ಫಿಕರ್ ಇತ್ತು.

ಎಲಿ ಹಿಡಿಯೋದು ಅಂದ್ರ ನಮ್ಮ ಕಡೆ ಸಣ್ಣ ಮಾತಲ್ಲ. ಸಸಿ ಮಡಿ ಹಾಕಿದ ಮ್ಯಾಲೆ ಹೊಲದಾವ ಗುಂಪಿನ ಮುಂದಾಳನ್ನ ಕರದು ಎಲಿ ಅಡಿಕಿ ಕೊಡ್ತಾನ. ಎಲಿ ಕೈಯಾಗ ಹಿಡಿದ್ರ ಆತನ ಹೊಲ ಮುಗಿಯೋತನ ಆ ಗುಂಪು ಆತಂದು. ಕರೆದ ದಿನ ಹೋಗಬೇಕು, ಜ್ವರ ಬಂದ್ರೂ ಹೋಗಬೇಕು. ಎಲಿ ಹಿಡಿದು ತಪ್ಪಿದ ಗುಂಪಿಗೆ ಈ ಕಾಲುವಿ ಗುಂಟ ಯಾವ ಕ್ಯಾಂಪಿನಾವನೂ ಮತ್ತ ಎಲಿ ಕೊಡಂಗಿಲ್ಲ. ಹೆಣ್ಮಕ್ಕಳು ಅಷ್ಟ ಹೋದ್ರ ನಡೀತಿತ್ತಲ್ಲ ಅಂತ ನೀವು ಕೇಳಬೌದು. ಸಸಿ ಕಿತ್ತು ಹೊತ್ತು ಕೊಡೋರು ಇಲ್ಲಂದ್ರ ಹಚ್ಚೋರು ಕೈ ಕಟಗೊಂಡು ನಿಂದರಬೇಕು. ಒಂದು ದಿನದಾಗ ಮುಗಿಯೋ ಮಾತಲ್ಲ.

ವೀರ್ರಾಜು ಹೋದ ಮ್ಯಾಲೆ ನಾ ಕೇಳಿದೆ, "ಲೇ ಯಮನಿ, ಮಾಸ್ತರಿಗೆ ಏನು ಹೇಳ್ತೀ?"

ಆಕಿ ಎದ್ದು ಸೀರಿ ಝಾಡಿಸಿಕೊಂಡು ಅಂದ್ಲು, "ನನ್ನ ಮಗಳು ಕುಂತಿರ್ತಾಳಲ್ಲಕ್ಕಾ ಸಾಲ್ಯಾಗ. ಒಬ್ಬಾಕಿ ಇದ್ರೂ ಸಾಲಿ ಸಾಲೀನ. ಅದು ಸರಕಾರದ್ದು. ಈ ಕಾಲುವಿ ನೋಡು, ಒಬ್ರು ನೀರು ತಗೊಂಡ್ರೂ ಹರೀತೈತಿ, ಸಾವಿರ ಮಂದಿ ತಗೊಂಡ್ರೂ ಹರೀತೈತಿ. ಒಬ್ಬಾಕಿ ಅದಾಳಂತ ಸಾಲಿ ಮುಚ್ತಾರೇನು?"

ನನಗೂ ಆ ಮಾತು ಬರೋಬರಿ ಅನಸ್ತು. ಸರಕಾರ ಕಟ್ಟಿದ್ದು ಬೀಳತೈತಿ, ಸೋರತೈತಿ, ಅದು ಗೊತ್ತಿತ್ತು. ಎದ್ದು ಹೋಗತೈತಿ ಅಂತ ನಮಗ ಯಾರಿಗೆ ಗೊತ್ತಿತ್ರಿ?

ಗುರುವಾರ ಹೊತ್ತು ಏರೋದ್ರಾಗ ಜೀಪು ಬಂತು. ಮಾಸ್ತರು ಚಾ ತರಿಸಿದ್ರು, ಒಯ್ದಾಕಿ ನಾನೇ. ಏಳನೇ ಕ್ಲಾಸಿನಾಗ ಯಾರೂ ಇರಲಿಲ್ಲ. ಆರನೇದ್ರಾಗ ಮೊದಲನೇ ಬೆಂಚಿನ ಮ್ಯಾಲೆ ಆದಮ್ಮ ಒಬ್ಬಾಕಿ. ಎರಡು ಜಡಿ, ಕೆಂಪು ರಿಬ್ಬನ್, ತೊಳದ ಲಂಗ. ಅವ್ವ ಬೆಳಕು ಹರಿಯೋಕಿಂತ ಮುಂಚೆ ಎದ್ದು ತಯಾರ್ ಮಾಡಿ ಕಳಿಸಿದ್ಲು. ಸಾಹೇಬ್ರು ಕೆಟ್ಟ ಮನುಷ್ಯಾ ಅಲ್ಲ, ಮೆತ್ತಗ ಕೇಳಿದ್ರು, "ಉಳಿದೋರು ಎಲ್ಲಿ ಹೋಗ್ಯಾರಮ್ಮಾ?"

"ನೆಲ್ಲು ಹಚ್ಚಾಕ ಹೋಗ್ಯಾರ್ರಿ."

"ಯಾರು ಕರ್ಕೊಂಡು ಹೋಗ್ಯಾರ?"

"ನಮ್ಮವ್ವ ರೀ" ಅಂದ್ಲು ಹುಡುಗಿ. ಆಕಿಗೆ ಸುಳ್ಳು ಹೇಳಾಕ ಯಾರು ಕಲಿಸಿದ್ರು? ಮಾಸ್ತರು ನೆಲ ನೋಡ್ಕೋತ ನಿಂತ್ರು. ನಾ ಚಾದ ಕಪ್ಪು ಅಲ್ಲೇ ಇಟ್ಟು ಹೊರಗ ಬಂದೆ.

ದಸರಾ ರಜಾ ಮುಗಿಯೋದ್ರಾಗ ಹುಕುಂ ಬಂತು. ಹಂಚಿನದಿನ್ನಿ ಸಾಲಿ ಇನ್ನ ಐದನೇದ್ರತನ ಅಷ್ಟ. ಮೈಲಾರಲಿಂಗಪ್ಪ ಮಾಸ್ತರಿಗೆ ಬ್ಯಾರೆ ಊರಿಗೆ ವರ್ಗ. ಹೋಗೋ ದಿನ ಅವರು ಯಮನಮ್ಮಗ ಒಂದು ಮಾತೂ ಬೈಲಿಲ್ಲ. "ಸಿಂಧನೂರು ಹಾಸ್ಟೇಲಿಗೆ ಹಾಕು, ನಾ ಹೇಳಿ ಸೇರಿಸ್ತೀನಿ" ಅಂದ್ರು. ಯಮನಮ್ಮ ಒಲ್ಲೆ ಅಂತ ತಲಿ ಅಲ್ಲಾಡಿಸಿದ್ಲು. ಇವತ್ತೋ ನಾಳೆಯೋ ದೊಡ್ಡಾಕಿ ಆಗೋ ಹುಡುಗಿ, ಗಂಡ ದಿಕ್ಕಿಲ್ಲದ ಮನಿ, ಪರಊರಾಗ ಹ್ಯಾಂಗ ಬಿಡ್ತಾಳ? ಮಾಸ್ತರು ಬೈದಿದ್ರ ಚಲೊ ಇತ್ತು, ಬೈದಿದ್ರ ಆಕಿ ತಿರುಗಿ ಬೈದು ಹಗರಾಗ್ತಿದ್ಲು. ಮಾಸ್ತರು ಬಸ್ಸು ಹತ್ತಿದ ಮ್ಯಾಲೆ ನನ್ನ ಗುಡಿಸಲಾಗ ಕುಂತು ಹಣಿ ಹಣಿ ಬಡ್ಕೊಂಡ್ಲು.

ಆಮ್ಯಾಲ ಆಕಿ ಓಡಾಡಿದ್ದು ಏನು ಕೇಳ್ತೀರಿ. ಮೊದಲು ಗೌಡರ ಮನಿಗೆ ಹೋದ್ಲು. "ದಣಿ, ನೀವು ಒಂದು ಮಾತು ಹೇಳಿದ್ರ ಕ್ಲಾಸು ಹೊಳ್ಳಿ ಬರ್ತಾವ" ಅಂದ್ಲು. ಗೌಡ್ರು, "ಬಂದ್ರ ಓದೋರು ಯಾರದಾರ? ಊರ ಹುಡುಗೀರೆಲ್ಲ ನಿನ್ನ ಬೆನ್ನು ಹತ್ಯಾರಲ್ಲ" ಅಂದು ಒಳಗ ಹೋದ್ರು. ತಮ್ಮ ಮೊಮ್ಮಕ್ಕಳು ಸಾಲಿ ಬಿಟ್ಟು ಮೆಟಡೋರ್ ಹತ್ತಿದ್ದು ಅವರಿಗೆ ನೆನಪಾಗಲಿಲ್ಲ. ನನಗ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದ್ರ ಗೌಡ್ರು ನನ್ನ ಚಾದ ಗಿರಾಕಿ, ಬಾಯಿ ಬಿಗಿಹಿಡಿಬೇಕಾತು.

ಕೇರ್ಯಾಗ ಮನಿ ಮನಿ ತಿರುಗಿದ್ಲು. "ಹುಡುಗೀರನ್ನ ಸಾಲಿಗೆ ಕಳಸ್ರಿ, ನಾ ಇನ್ನ ಗುಂಪಿಗೆ ಕರ್ಕೊಳ್ಳಂಗಿಲ್ಲ. ಎಲ್ಲಾರೂ ಹೋಗಿ ನಿಂತ್ರ ಸರಕಾರ ಕ್ಲಾಸು ಕೊಡತೈತಿ" ಅಂದ್ಲು. ಪೀರಮ್ಮನ ತಾಯಿ ಮಾರೆಮ್ಮ ಒಲಿ ಮುಂದ ಕುಂತಾಕಿ ಮುಖ ಎತ್ತಿ, "ಈಗ ಬುದ್ಧಿ ಬಂತೇನು ಯಮನಕ್ಕಾ? ಮೂರು ವರ್ಷ ನನ್ನ ಮಗಳ ಕೈಲೇ ಸಸಿ ಕೀಳಿಸಿದಿ. ಈಗ ನಿನ್ನ ಮಗಳಿಗೆ ಕ್ಲಾಸು ಬೇಕಂತ ನನ್ನ ಮಗಳ ಕೂಲಿ ಬಿಡಸ್ತೀ ಏನು? ನೀ ಕರ್ಕೊಳ್ಳಲಿಲ್ಲಂದ್ರ ಬ್ಯಾರೆ ಗುಂಪು ಅದಾವ" ಅಂದ್ಲು. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಅದು ಯಮನಮ್ಮನ ಎದುರಿಗೇ ಬಂದು ಕುಂತಿತ್ತು.

ಉಳಿದದ್ದು ಬಂಗಾಲಿ ನಿರಾಶ್ರಿತರ ಕ್ಯಾಂಪು, ಆರ್.ಎಚ್. ಕ್ಯಾಂಪು ಅಂತೀವಲ್ಲ ಅದು. ಅಲ್ಲಿ ಸಾಲಿ ತುಂಬಿತ್ತು. ಕಾಲುವಿ ದಂಡಿ ಗುಂಟ ದೂರ ನಡೀಬೇಕು. ಯಮನಮ್ಮ ಮಗಳನ್ನ ಅಲ್ಲಿಗೆ ಸೇರಿಸಿದ್ಲು. ಕೈ ಹಿಡಕೊಂಡು ಒಂದು ವಾರ ತಾನೇ ಬಿಟ್ಟು ಬಂದ್ಲು. ಅಲ್ಲಿಯೋರು ಕೆಟ್ಟೋರಲ್ಲ. ಅವರೂ ಊರು ಮನಿ ಬಿಟ್ಟು ಬಂದೋರು. ಮಾಸ್ತರು ಕಲಿಸೋದು ಕನ್ನಡಾನ. ಆದ್ರ ಗಂಟಿ ಹೊಡೆದ ಮ್ಯಾಲೆ ಹುಡುಗೀರು ಬಂಗಾಲಿ ಮಾತಾಡ್ಕೋತ ಗಿಡದ ಬುಡಕ ಹೋಗಿ ಆಡ್ತಿದ್ರು. ಒಬ್ಬಾಕಿ ಈಕಿಗೆ ತಿನ್ನಾಕ ಒಂದು ಹಿಡಿ ಮಂಡಾಳು ಕೊಟ್ಟಿದ್ಲಂತ. ಕೊಟ್ಟು ಏನೋ ಕೇಳಿದ್ಲು, ಈಕಿಗೆ ತಿಳೀಲಿಲ್ಲ, ಆಕಿ ನಕ್ಕು ಹೋದ್ಲು. ಅಷ್ಟ. ಯಾರೂ ಬಡೀಲಿಲ್ಲ, ಬೈಲಿಲ್ಲ.

ಹೋಗ್ತಾ ಬರ್ತಾ ಆದಮ್ಮ ನನ್ನ ಗುಡಿಸಲಾಗ ನೀರು ಕುಡಿಯಾಕ ನಿಂದರ್ತಿದ್ಲು. ಮೊದಲು ಬಾಯಿ ತುಂಬ ಮಾತಾಡೋ ಹುಡುಗಿ, ಬರಬರ್ತ ಹೂಂ ಅಂದ್ರ ಹೂಂ, ಹೂಂಹೂಂ ಅಂದ್ರ ಹೂಂಹೂಂ. "ಯಾಕಬೇ, ಯಾರರ ಏನರ ಅಂದ್ರೇನು?" ಅಂತ ಕೇಳಿದೆ. "ಯಾರೂ ಏನೂ ಅನ್ನಂಗಿಲ್ಲ ದೊಡ್ಡವ್ವ. ಮುಂಜಾಲಿಂದ ಸಂಜಿತನ ನಾ ಬಾಯಿ ಮುಚಕೊಂಡು ಕುಂದರ್ತೀನಿ" ಅಂದ್ಲು. ಕಣ್ಣಾಗ ನೀರಿರಲಿಲ್ಲ. ಅತ್ತಿದ್ರ ನಾ ಒಂದು ಬಜಿ ಕೊಟ್ಟು ಸಮಾಧಾನ ಮಾಡ್ತಿದ್ದೆ.

ಬ್ಯಾಸಿಗಿ ಬೆಳಿ ನಾಟಿ ಸುರು ಆತು. ಆದಮ್ಮ ಹೋಗೋ ದಂಡಿ ಬಾಜೂಕೇ ಅವ್ವನ ಗುಂಪು. ಬ್ಯಾರೆ ಗುಂಪಿಗೆ ಹೋಗೋದಕ್ಕಿಂತ ತನ್ನ ಕಡೇನ ಇರಲಿ ಅಂತ ಯಮನಮ್ಮ ಹುಡುಗೀರನ್ನ ಮತ್ತ ಕರ್ಕೊಂಡಿದ್ಲು. ಗದ್ದೆಮ್ಮ, ಗ್ಯಾನಮ್ಮ, ಪೀರಮ್ಮ ಮಡ್ಯಾಗ ಕುಂತು ಸಸಿ ಕಿತಗೋತ, ಒಬ್ಬರ ಮ್ಯಾಲೆ ಒಬ್ಬರು ನೀರು ಉಗ್ಗಿಕೋತ, ಕಿಸಿಕಿಸಿ ನಗ್ತಿರ್ತಿದ್ರು. ಈಕಿ ಚೀಲ ಹಾಕ್ಕೊಂಡು ಒಬ್ಬಾಕಿ ದಾಟಿ ಹೋಗಬೇಕು. "ಟೀಚರಮ್ಮ ಹೊಂಟಾಳ ನೋಡ್ರಲೇ" ಅಂತ ಛೇಡಿಸ್ತಿದ್ರು. ಪ್ರೀತಿಲೇ ಅಂತಿದ್ರು, ಅದು ನನಗ ಗೊತ್ತು. ಯಮನಮ್ಮ ಅವರ ಕಡೆ ಕಣ್ಣು ಕಿಸಿದು ಮಗಳಿಗೆ ನಡಿ ನಡಿ ಅಂತ ಕೈ ಮಾಡ್ತಿದ್ಲು.

ಅವತ್ತು ನಾನು ಗುಂಪಿಗೆ ಚಾ ಒಯ್ದಿದ್ದೆ. ಆದಮ್ಮ ದಂಡಿ ಮ್ಯಾಲೆ ಬಂದು ನಿಂತ್ಲು. ಮುಂದ ಹೋಗಲಿಲ್ಲ. ಚೀಲ ತಗದು ನನ್ನ ಕೆಟಲಿ ಬಾಜೂಕ ಇಟ್ಲು. ಲಂಗ ಎತ್ತಿ ಸೊಂಟಕ್ಕ ಸಿಕ್ಕಿಸಿ ಕೆಸರಾಗ ಇಳಿದ್ಲು.

ಯಮನಮ್ಮ ಬಗ್ಗಿದಾಕಿ ಎದ್ದು ನಿಂತ್ಲು. "ಮ್ಯಾಲೆ ಹತ್ತಬೇ. ಸಾಲಿಗೆ ಹೊತ್ತಾಗತೈತಿ" ಅಂದ್ಲು.

"ನಾ ಹೋಗಂಗಿಲ್ಲ."

"ಯಾಕ ಹೋಗಂಗಿಲ್ಲ? ಏಳನೇದಕ್ಕ ಇನ್ನೊಂದು ವರ್ಷ ಐತಿ. ಒಂದು ವರ್ಷ ತಡಕೋ ನನ್ನವ್ವ. ಹತ್ತು ಮ್ಯಾಲೆ."

ಹುಡುಗಿ ಸಿಟ್ಟಿಲೇ ಹೇಳಲಿಲ್ಲ, ಅವ್ವಗ ಚುಚ್ಚಬೇಕಂತಾನೂ ಹೇಳಲಿಲ್ಲ. ನೀರು ಎಲ್ಲೈತಿ ಅಂದ್ರ ಬಾವ್ಯಾಗ ಐತಿ ಅಂದಂಗ ಹೇಳಿದ್ಲು, "ನಮ್ಮ ಕ್ಲಾಸಿನೋರೆಲ್ಲ ಇಲ್ಲೇ ಅದಾರಲ್ಲವ್ವ. ನೀನೇ ಕರ್ಕೊಂಬಂದೀದಿ. ನಾನೊಬ್ಬಾಕಿ ಅಲ್ಲಿ ಏನ ಮಾಡ್ಲಿ?"

ಗೌಡನ ಮುಂದ ನಿಂತು ಮಾತಾಡಿದ ಹೆಂಗಸು, ಕ್ಯಾಂಪಿನೋರ ಜೋಡಿ ತೆಲುಗಿನಾಗ ಜಗಳಾಡಿದ ಹೆಂಗಸು, ಮತ್ತ ಬಗ್ಗಿ ಕೈಯಾಗಿನ ಸಸಿ ಹಚ್ಚಾಕ ಹತ್ತಿದ್ಲು. ಪೀರಮ್ಮ ಮಡ್ಯಾಗ ಜರ ಸರದು ಜಾಗಾ ಕೊಟ್ಲು. ಆದಮ್ಮ ಕುಂತ್ಲು. ಹ್ಯಾಂಗ ಹಿಡದು ಕೀಳಬೇಕು ಅಂತ ಪೀರಮ್ಮನ ಕೈ ನೋಡಿ ನೋಡಿ ಕೀಳಾಕ ಸುರು ಮಾಡಿದ್ಲು.

ಅಷ್ಟೊತ್ತಿಗೆ ವೀರ್ರಾಜು ಬಂದ. ಆತಗ ಇದೇನೂ ಗೊತ್ತಿಲ್ಲ. ದಂಡಿ ಮ್ಯಾಲಿಂದ ದಿನದಂಗ ಕೇಳಿದ, "ಏಮ್ಮಾ, ಇವತ್ತು ಅರ್ಧ ಆಳು ಎಷ್ಟು ಮಂದಿ?"

ಯಮನಮ್ಮ ಮಡಿ ಕಡೆ ತಿರುಗಿ ಬೊಟ್ಟು ಮಾಡಿ ಒಬ್ಬೊಬ್ಬರನ್ನೇ ಎಣಿಸಿದ್ಲು. ಮಗಳನ್ನೂ ಕೂಡಿಸಿ ಹೇಳಿದ್ಲು.